ಹಾಲಿನಲ್ಲಿ ಔಷಧ ಹುಡುಕುವ ಸೆನ್ಸರ್ ತಪ್ಪು ಹೇಳಿದಾಗ: ದೋಷ ಎಲ್ಲಿದೆ ಎಂದು ಹಿಡಿಯುವ ದಾರಿ

ಹನ್ನೊಂದು ಹಾಲಿನ ಮಾದರಿ. ಹನ್ನೊಂದರಲ್ಲೂ ಪೀಕ್, ಅಂದರೆ ಸೆನ್ಸರ್ ಬರೆದ ಗೆರೆಯಲ್ಲಿ ಒಂದು ಏರು. ಒಂದು ಬೇಸಿಗೆಯ ಬೆಳಿಗ್ಗೆ ನನ್ನ ಮುಂದೆ ಹೀಗೊಂದು ಫಲಿತಾಂಶ ಬಂದು ಕೂತಿತ್ತು. ಯಂತ್ರದ ಲೆಕ್ಕದಲ್ಲಿ ಅಷ್ಟೂ ಹಾಲಿನಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಇದೆ ಎಂದಾಯಿತು. ಹಾಗಿರಲು ಸಾಧ್ಯವಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸು ಹೇಳಿದ್ದನ್ನು ವರದಿಯಲ್ಲಿ ಬರೆಯಲು ಆಗುವುದಿಲ್ಲ ಅಲ್ವಾ? ಆ ಪೀಕ್ ಎಲ್ಲಿಂದ ಬಂತು ಎಂದು ಹುಡುಕಲು ನನಗೆ ಒಂಬತ್ತು ದಿನ ಹಿಡಿಯಿತು. ಈಗಾದರೆ ಅರ್ಧ ದಿನ ಸಾಕು. ಆ ಅರ್ಧ ದಿನದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಲೋರಾಂಫೆನಿಕಾಲ್ ಹೊಸ ಔಷಧವಲ್ಲ. ಒಂದು ಕಾಲದಲ್ಲಿ ಟೈಫಾಯಿಡ್‌ಗೆ ಇದನ್ನೇ ಕೊಡುತ್ತಿದ್ದರು. ಈಗಲೂ ಕಣ್ಣಿನ ಡ್ರಾಪ್ಸ್‌ನಲ್ಲಿ, ಮುಲಾಮಿನಲ್ಲಿ ಸಿಗುತ್ತದೆ. ಆದರೆ ಅಪರೂಪಕ್ಕೆ ಕೆಲವರಲ್ಲಿ ಇದು ಮೂಳೆಯ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಎಷ್ಟು ಕಡಿಮೆ ಇದ್ದರೆ ಸುರಕ್ಷಿತ ಎಂದು ಗೆರೆ ಎಳೆಯಲು ಆಗಿಲ್ಲ. ಹಾಗಾಗಿ ಆಹಾರ ಕೊಡುವ ಪ್ರಾಣಿಗಳಿಗೆ ಇದು ಬೇಡವೇ ಬೇಡ ಎಂದು ಯುರೋಪ್ 1994ರಲ್ಲೇ ನಿಷೇಧಿಸಿತು. ನಮ್ಮಲ್ಲೂ ಸಿಗಡಿ, ಮೀನು ಸಂಸ್ಕರಿಸುವ ಘಟಕಗಳಲ್ಲಿ ಇದನ್ನು ಬಳಸುವಂತಿಲ್ಲ. ಯುರೋಪ್‌ನ ಲ್ಯಾಬ್‌ಗಳು ಕಿಲೋಗೆ 0.3 ಮೈಕ್ರೋಗ್ರಾಂ ಇದ್ದರೂ ಹಿಡಿಯಬೇಕು ಎಂದು 2003ರಲ್ಲಿ ಮಟ್ಟ ಇಟ್ಟರು. 2022ರ ನವೆಂಬರ್‌ನಿಂದ ಅದು 0.15ಕ್ಕೆ ಇಳಿದಿದೆ. ಈ ಅಂಕಿ ನೆನಪಿರಲಿ. ಮುಂದಿನ ಅರ್ಧ ತೊಂದರೆಗಳು ಇದರಿಂದಲೇ ಹುಟ್ಟುತ್ತವೆ.

ಸರಿ ಇದ್ದಾಗ ಹೇಗಿರುತ್ತದೆ

ದೋಷ ಹುಡುಕುವ ಮೊದಲು, ದೋಷ ಇಲ್ಲದ ಚಿತ್ರ ಕಣ್ಣಲ್ಲಿ ಕೂತಿರಬೇಕು. ನಾವು ಬಳಸುವುದು ಪ್ರಿಂಟ್ ಮಾಡಿದ ಕಾರ್ಬನ್ ಸ್ಟ್ರಿಪ್. ಒಂದೇ ಪಟ್ಟಿಯ ಮೇಲೆ ಮೂರು ಎಲೆಕ್ಟ್ರೋಡ್: ನಡುವೆ ಕೆಲಸ ಮಾಡುವ (ವರ್ಕಿಂಗ್) ಕಾರ್ಬನ್ ಚುಕ್ಕೆ, ಪಕ್ಕದಲ್ಲಿ ವೋಲ್ಟೇಜ್ ಅಳೆಯಲು ಆಧಾರವಾಗುವ ಬೆಳ್ಳಿಯ ರೆಫರೆನ್ಸ್, ಸುತ್ತ ಕರೆಂಟಿನ ಸುತ್ತು ಪೂರ್ತಿ ಮಾಡುವ ಕೌಂಟರ್. ಕ್ಲೋರಾಂಫೆನಿಕಾಲ್ ಅಣುವಿನ ಒಂದು ತುದಿಯಲ್ಲಿ ನೈಟ್ರೋ ಗುಂಪು ಇದೆ. ವೋಲ್ಟೇಜನ್ನು ಸೊನ್ನೆಯಿಂದ ಮೈನಸ್ ಕಡೆಗೆ ಇಳಿಸುತ್ತಾ ಹೋದರೆ, ಪಿಎಚ್ 7ರ ಹತ್ತಿರ, ಸುಮಾರು ಮೈನಸ್ 0.6 ವೋಲ್ಟ್‌ನಲ್ಲಿ ಆ ಗುಂಪು ನಾಲ್ಕು ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ. ಆಗ ಕರೆಂಟ್ ಒಮ್ಮೆ ಏರಿ ಇಳಿಯುತ್ತದೆ. ಅದೇ ಪೀಕ್. ಔಷಧ ಜಾಸ್ತಿ ಇದ್ದಷ್ಟೂ ಪೀಕ್ ಎತ್ತರ.

ಈ ಬದಲಾವಣೆ ಒಂದೇ ದಿಕ್ಕಿನದು. ವೋಲ್ಟೇಜ್ ವಾಪಸ್ ತಂದರೆ ಅದೇ ಜಾಗದಲ್ಲಿ ಎದುರು ಪೀಕ್ ಬರುವುದಿಲ್ಲ. ಅದರ ಬದಲು ಸೊನ್ನೆ ವೋಲ್ಟ್‌ನ ಆಸುಪಾಸಿನಲ್ಲಿ ಹೊಸದೊಂದು ಚಿಕ್ಕ ಜೋಡಿ ಹುಟ್ಟುತ್ತದೆ. ನೈಟ್ರೋ ಗುಂಪು ಬದಲಾಗಿ ಉಳಿದ ಪದಾರ್ಥ ಅಲ್ಲಿ ಹೋಗಿ ಬಂದು ಮಾಡುತ್ತಿರುತ್ತದೆ. ಈ ಎರಡು ಗುರುತು ಮರೆಯಬೇಡಿ: ದೊಡ್ಡ ಪೀಕ್‌ಗೆ ಎದುರು ಪೀಕ್ ಇಲ್ಲ, ಸೊನ್ನೆಯ ಹತ್ತಿರ ಜೋಡಿ ಇದೆ. ಆ ಹನ್ನೊಂದು ಮಾದರಿಗಳ ಗುಟ್ಟು ಬಿಟ್ಟುಕೊಟ್ಟಿದ್ದು ಇದೇ.

ಹುಡುಕುವ ಕ್ರಮ ಮಾತ್ರ ಬದಲಾಗಬಾರದು. ಮೊದಲು ಯಂತ್ರ, ಆಮೇಲೆ ಸ್ಟ್ರಿಪ್, ಆಮೇಲೆ ಬಫರ್ (ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣ), ಕೊನೆಗೆ ಹಾಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಬರಿಯಲ್ಲಿ ಸ್ಟ್ರಿಪ್ಪೂ ಹೊಸದು, ಬಫರೂ ಹೊಸದು ಅಂತ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು. ಆದರೆ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಅದು ಮತ್ತೆ ಬರುತ್ತದೆ.

ಗೆರೆ ಚಪ್ಪಟೆ, ಅಥವಾ ಗೆರೆ ತುಂಬ ನಡುಕ

ಏನೂ ಬರುತ್ತಿಲ್ಲ, ಅಥವಾ ಗೆರೆ ಗರಗಸದ ಹಲ್ಲಿನ ಹಾಗೆ ಇದೆ ಎಂದರೆ ಸ್ಟ್ರಿಪ್ ತೆಗೆದಿಡಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ 10 ಕಿಲೋಓಮ್ ರೆಸಿಸ್ಟರ್ ಒಂದನ್ನು ತನ್ನಿ. ಒಂದು ತುದಿಗೆ ವರ್ಕಿಂಗ್ ಕ್ಲಿಪ್, ಇನ್ನೊಂದು ತುದಿಗೆ ರೆಫರೆನ್ಸ್ ಮತ್ತು ಕೌಂಟರ್ ಎರಡನ್ನೂ ಸೇರಿಸಿ ಹಾಕಿ. ಮೈನಸ್ 0.5ರಿಂದ ಪ್ಲಸ್ 0.5 ವೋಲ್ಟ್‌ವರೆಗೆ ಸ್ಕ್ಯಾನ್ ಕೊಡಿ. ಸೊನ್ನೆಯ ಮೂಲಕ ಹಾದುಹೋಗುವ ನೇರ ಗೆರೆ ಬರಬೇಕು. 0.5 ವೋಲ್ಟ್‌ನಲ್ಲಿ 50 ಮೈಕ್ರೋಆಂಪಿಯರ್ ಇರಬೇಕು. ರೆಸಿಸ್ಟರ್‌ಗೆ ಶೇ. 5ರಷ್ಟು ಹೆಚ್ಚುಕಮ್ಮಿ ಇರುತ್ತದೆ, ಅಷ್ಟು ಬಿಡಿ. ಇದು ಬಂದರೆ ಪೊಟೆನ್ಶಿಯೋಸ್ಟ್ಯಾಟ್, ಅಂದರೆ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಈ ಯಂತ್ರ, ಚೆನ್ನಾಗಿದೆ, ಕೇಬಲ್ಲೂ ಚೆನ್ನಾಗಿದೆ. ಬರದಿದ್ದರೆ ಹಾಲಿನ ತನಕ ಹೋಗುವುದೇ ಬೇಡ. ಎರಡು ನಿಮಿಷದ ಕೆಲಸ. ನಾನು ಇದನ್ನು ದಿನಾ ಬೆಳಿಗ್ಗೆ ಮಾಡುತ್ತೇನೆ.

ರೆಸಿಸ್ಟರ್‌ನಲ್ಲಿ ಸರಿ ಬಂದು ಸ್ಟ್ರಿಪ್‌ನಲ್ಲಿ ಚಪ್ಪಟೆಯಾದರೆ ಕನೆಕ್ಟರ್ ನೋಡಿ. ಸ್ಟ್ರಿಪ್ಪನ್ನು ಪೂರ್ತಿ ಒಳಗೆ ತಳ್ಳಿಲ್ಲದಿರಬಹುದು, ತಲೆಕೆಳಗಾಗಿ ಹಾಕಿರಬಹುದು. ಹನಿ ಜಾರಿ ಕನೆಕ್ಟರ್ ಕಡೆಗೆ ಹರಿದಿದ್ದರೆ ಇನ್ನೂ ಕಷ್ಟ. ಉಪ್ಪು ನೀರು ಲೋಹದ ಹಲ್ಲುಗಳ ನಡುವೆ ಒಣಗಿ ಬೆಳ್ಳಗೆ ಕೂತಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ.

ನಡುಕಕ್ಕೆ ಸಾಮಾನ್ಯ ಕಾರಣ ಕರೆಂಟಿನ 50 ಹರ್ಟ್ಸ್ ಗದ್ದಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಗದ್ದಲ ಜಾಸ್ತಿ. ಹಳೆಯ ಬಿಸ್ಕತ್ ಡಬ್ಬಿಯೊಳಗೆ ಸ್ಟ್ರಿಪ್ ಇಟ್ಟು, ಡಬ್ಬಿಯನ್ನು ಯಂತ್ರದ ಅರ್ಥ್‌ಗೆ ಸೇರಿಸಿದರೆ ಎಷ್ಟೋ ಶಾಂತವಾಗುತ್ತದೆ. ಡಬ್ಬಿಯ ಬಣ್ಣ ಕೆರೆದು ಲೋಹಕ್ಕೇ ಕ್ಲಿಪ್ ಹಾಕಬೇಕು. ಆ ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ.

ಸ್ಟ್ರಿಪ್ ಹೇಳುವುದನ್ನು ಕೇಳುವುದು

ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಮೂರು ಸ್ಟ್ರಿಪ್ ಪರೀಕ್ಷೆಗೆ ಬಲಿಕೊಡಿ. ದುಬಾರಿ ಅನ್ನಿಸುತ್ತದೆ, ಗೊತ್ತು. ಆದರೂ ಕೊಡಿ. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಫೆರೋಸಯನೈಡ್ ತಲಾ 5 ಮಿಲಿಮೋಲಾರ್, 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ. ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಹೋಗಿ ಬರುವ ಸ್ಕ್ಯಾನ್. ಎರಡು ಪೀಕ್ ಬರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಪುಸ್ತಕದ ಪ್ರಕಾರ ಅವುಗಳ ನಡುವೆ 59 ಮಿಲಿವೋಲ್ಟ್ ಅಂತರ. ಪ್ರಿಂಟ್ ಮಾಡಿದ ಕಾರ್ಬನ್‌ನಲ್ಲಿ 100ರಿಂದ 200 ಸಾಮಾನ್ಯ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ಸ್ಟ್ರಿಪ್‌ನಲ್ಲೂ ಒಂದೇ ರೀತಿ ಬರುತ್ತಿದೆಯೇ, ಹೋದ ಪ್ಯಾಕೆಟ್‌ನ ಹಾಗೇ ಇದೆಯೇ, ಅದು ಮುಖ್ಯ.

ಈ ಒಂದು ಚಿತ್ರದಿಂದ ಮೂರು ವಿಷಯ ಓದಬಹುದು. ಎರಡೂ ಪೀಕ್ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ತಪ್ಪು ರೆಫರೆನ್ಸ್‌ನಲ್ಲಿದೆ. ಒಂದರಿಂದ ಒಂದು ದೂರ ಹೋಗಿದ್ದರೆ ಕಾರ್ಬನ್ ಮೈ ಕೆಟ್ಟಿದೆ, ಅಥವಾ ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಸೇರಿಕೊಂಡಿದೆ. ಜಾಗ ಸರಿಯಿದ್ದು ಎತ್ತರ ಮಾತ್ರ ಕುಗ್ಗಿದ್ದರೆ ಹನಿ ಇಡೀ ಚುಕ್ಕೆಯನ್ನು ಮುಚ್ಚಿಲ್ಲ. ಆಗ ಸ್ಟ್ರಿಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಸಾಸಿವೆ ಕಾಳಿಗಿಂತ ಚಿಕ್ಕದೊಂದು ಗುಳ್ಳೆ ಕಪ್ಪು ಚುಕ್ಕೆಯ ಅಂಚಿಗೆ ಅಂಟಿಕೊಂಡು ಮಿನುಗುತ್ತಿರುತ್ತದೆ. ಪಿಪೆಟ್ಟಿನಿಂದ ಹನಿಯನ್ನು ಪೂರ್ತಿ ಒತ್ತಿಬಿಟ್ಟರೆ ಕೊನೆಯ ಗಾಳಿ ಹೀಗೆ ಕೂರುತ್ತದೆ.

ಈ ದ್ರಾವಣ ಹಾಕಿದ ಸ್ಟ್ರಿಪ್ಪನ್ನು ಮತ್ತೆ ಹಾಲಿಗೆ ಬಳಸಬೇಡಿ. ದ್ರಾವಣವನ್ನೂ ಕಂದು ಬಾಟಲಿಯಲ್ಲಿ, ಬೆಳಕಿನಿಂದ ದೂರ ಇಡಿ. ಹಳದಿ ಹೋಗಿ ಹಸಿರು, ನೀಲಿ ಬಣ್ಣ ತಿರುಗಿದರೆ ಚೆಲ್ಲಿ.

ಅಗಲವಾದ ಗುಡ್ಡ: ಅದು ಆಮ್ಲಜನಕ

ಯಂತ್ರ ಸರಿ, ಸ್ಟ್ರಿಪ್ ಸರಿ. ಬರೀ ಬಫರ್ ಹಾಕಿ ಸ್ಕ್ಯಾನ್ ಮಾಡಿದರೆ ಮೈನಸ್ 0.5ರಿಂದ ಆಚೆಗೆ ದೊಡ್ಡದೊಂದು ಗುಡ್ಡ. ಇದು ನೀರಿನಲ್ಲಿ ಕರಗಿರುವ ಆಮ್ಲಜನಕ. ಇದೂ ಮೈನಸ್ ಕಡೆಗೇ ಎಲೆಕ್ಟ್ರಾನ್ ಎಳೆಯುತ್ತದೆ, ಔಷಧದ ಪೀಕ್ ಇರುವ ಜಾಗದಲ್ಲೇ. 25 ಡಿಗ್ರಿಯಲ್ಲಿ ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆ, ಅಂದರೆ ಸುಮಾರು 250 ಮೈಕ್ರೋಮೋಲಾರ್. ನಾವು ಹುಡುಕುತ್ತಿರುವ ಔಷಧ ಒಂದು ಮೈಕ್ರೋಮೋಲಾರ್ ಕೂಡ ಇಲ್ಲ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗೆ.

ಖಚಿತ ಮಾಡಿಕೊಳ್ಳುವುದು ಸುಲಭ. ಹತ್ತು ನಿಮಿಷ ನೈಟ್ರೋಜನ್ ಬಿಡಿ. ಗುಡ್ಡ ಕುಸಿದರೆ, ಆಮೇಲೆ ಗಾಳಿಗೆ ತೆರೆದಿಟ್ಟಾಗ ಮತ್ತೆ ಎದ್ದರೆ, ಅದು ಆಮ್ಲಜನಕವೇ. ತೊಂದರೆ ಇರುವುದು ನಿವಾರಣೆಯಲ್ಲಿ. ಸ್ಟ್ರಿಪ್ ಮೇಲಿನ ಹನಿಗೆ ನೈಟ್ರೋಜನ್ ಬಿಟ್ಟು ಪ್ರಯೋಜನವಿಲ್ಲ, ಒಂದೆರಡು ನಿಮಿಷಕ್ಕೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ನಾನು ಹನಿ ಹಾಕುವುದನ್ನೇ ಬಿಟ್ಟೆ. ಚಿಕ್ಕ ಗಾಜಿನ ಸೀಸೆಯಲ್ಲಿ ದ್ರಾವಣ ಇಟ್ಟು, ಸ್ಟ್ರಿಪ್ಪನ್ನು ಅದರಲ್ಲಿ ಅದ್ದಿ, ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿ, ಅಳೆಯುವಾಗ ದ್ರಾವಣದ ಮೇಲೆ ನೈಟ್ರೋಜನ್ ನಿಧಾನಕ್ಕೆ ಹರಿಯಲು ಬಿಡುತ್ತೇನೆ. ಗುಳ್ಳೆ ಬರುವಂತೆ ಬಿಡುವುದನ್ನು ಅಳೆಯುವ ಮುಂಚೆಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಗೆರೆ ಕುಣಿಯುತ್ತದೆ.

ಪ್ರೋಟೀನ್ ತೆಗೆದು ಉಳಿಸಿಕೊಂಡ ಹಾಲಿನ ತಿಳಿಗೆ ನೇರವಾಗಿ ನೈಟ್ರೋಜನ್ ಬಿಟ್ಟರೆ ಇನ್ನೊಂದು ಫಜೀತಿ. ಪ್ರೋಟೀನ್ ಉಳಿದಿದ್ದರೆ ನೊರೆ ಉಕ್ಕಿ ಸೀಸೆಯ ಹೊರಗೆ ಬರುತ್ತದೆ, ಅರ್ಧ ಮಾದರಿ ಮೇಜಿನ ಮೇಲೆ. ಆಗ ಕೊಳವೆಯನ್ನು ಮುಳುಗಿಸದೆ ಮೇಲ್ಮೈಗೆ ಊದುವಂತೆ ಇಡಿ, ಸಮಯ ಜಾಸ್ತಿ ಕೊಡಿ. ನೈಟ್ರೋಜನ್ ಸುಲಭಕ್ಕೆ ಸಿಗದ ಕಡೆ ಸೊನ್ನೆಯ ಹತ್ತಿರದ ಆ ಚಿಕ್ಕ ಜೋಡಿಯನ್ನು ಓದಬಹುದು. ಅಲ್ಲಿ ಆಮ್ಲಜನಕದ ಕಾಟ ಕಡಿಮೆ. ಆದರೆ ಸಿಗ್ನಲ್ಲೂ ಕಡಿಮೆ.

ಪೀಕ್ ಜಾಗ ಬದಲಿಸಿದೆ

ಪೀಕ್ ಇದೆ, ಆದರೆ ನಿನ್ನೆಯ ಜಾಗದಲ್ಲಿ ಇಲ್ಲ. ಇದಕ್ಕೆ ಎರಡು ಕಾರಣ: ಪಿಎಚ್ ಮತ್ತು ಉಪ್ಪು.

ಮೊದಲು ಪಿಎಚ್. ಒಂದು ಪಿಎಚ್ ಬದಲಾದರೆ ಈ ಪೀಕ್ ಸುಮಾರು 59 ಮಿಲಿವೋಲ್ಟ್ ಸರಿಯುತ್ತದೆ. ಪ್ರೋಟೀನ್ ತೆಗೆಯಲು ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿ, ಆಮೇಲೆ ಬಫರ್ ಅದನ್ನು ಸರಿಮಾಡುತ್ತದೆ ಎಂದು ನಂಬಿ ಮುಂದೆ ಹೋದರೆ ಮೋಸ. ಬಫರ್‌ನ ಶಕ್ತಿ ಮುಗಿದು ದ್ರಾವಣ ಪಿಎಚ್ 2ರಲ್ಲಿ ನಿಂತಿರುತ್ತದೆ. ಐದು ಪಿಎಚ್ ಅಂದರೆ ಹತ್ತಿರ ಹತ್ತಿರ 0.3 ವೋಲ್ಟ್. ನೀವು ಮೈನಸ್ 0.6ರಲ್ಲಿ ಹುಡುಕುತ್ತಿರುತ್ತೀರಿ, ಅದು ಮೈನಸ್ 0.3ರಲ್ಲಿ ಕೂತಿರುತ್ತದೆ. ನಾನು ಎರಡು ದಿನ ಪೀಕ್ ಇಲ್ಲ ಪೀಕ್ ಇಲ್ಲ ಎಂದು ಒದ್ದಾಡಿದ್ದು ಇದಕ್ಕೇ. ಸ್ಟ್ರಿಪ್ ಅದ್ದುವ ಮೊದಲು ಒಂದು ಹನಿಯನ್ನು ಪಿಎಚ್ ಪೇಪರ್ ಮೇಲೆ ಬಿಡಿ. ಪೇಪರ್ ಸಾಕು, ಮೀಟರ್ ಬೇಕಿಲ್ಲ.

ಉಪ್ಪಿನ ವಿಷಯ ಸ್ವಲ್ಪ ಸೂಕ್ಷ್ಮ. ಸ್ಟ್ರಿಪ್‌ನ ರೆಫರೆನ್ಸ್ ಬರೀ ಬೆಳ್ಳಿಯ ಪಟ್ಟಿ, ಮೇಲೆ ಬೆಳ್ಳಿ ಕ್ಲೋರೈಡ್. ಗಾಜಿನ ಕೊಳವೆಯಲ್ಲಿ ತನ್ನದೇ ಉಪ್ಪು ನೀರು ಇಟ್ಟುಕೊಂಡಿರುವ ದೊಡ್ಡ ರೆಫರೆನ್ಸ್‌ನ ಹಾಗಲ್ಲ. ನೀವು ಹಾಕಿದ ದ್ರಾವಣದಲ್ಲಿ ಎಷ್ಟು ಕ್ಲೋರೈಡ್ ಇದೆಯೋ ಅದರ ಮೇಲೆ ಅದರ ವೋಲ್ಟೇಜ್ ನಿಲ್ಲುತ್ತದೆ. ಸಾಮಾನ್ಯ ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಕ್ಲೋರೈಡ್ ಇರುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ ಇದು ಏರುತ್ತದೆ. ಅದಕ್ಕೇ ಅಂಥ ಹಾಲು ನಾಲಿಗೆಗೆ ಉಪ್ಪುಪ್ಪು. ಕ್ಲೋರೈಡ್ ಎರಡು ಪಟ್ಟಾದರೆ ಪೀಕ್ ಸುಮಾರು 18 ಮಿಲಿವೋಲ್ಟ್ ಸೊನ್ನೆಯ ಕಡೆಗೆ ಸರಿಯುತ್ತದೆ.

18 ಮಿಲಿವೋಲ್ಟ್ ಚಿಕ್ಕದು ಅನ್ನಿಸಬಹುದು. ಆದರೆ ಯೋಚಿಸಿ. ಔಷಧ ಬಿದ್ದಿರುವ ಸಾಧ್ಯತೆ ಜಾಸ್ತಿ ಇರುವುದು ಹುಷಾರಿಲ್ಲದ ಹಸುವಿನ ಹಾಲಿನಲ್ಲಿ. ಅಂದರೆ ಯಾವ ಹಾಲನ್ನು ತಪ್ಪದೆ ಹಿಡಿಯಬೇಕೋ, ಅದೇ ಹಾಲು ರೆಫರೆನ್ಸನ್ನು ಅಲುಗಾಡಿಸುತ್ತದೆ. ಇದನ್ನು ನಾನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಉಪಾಯ ಸರಳ: ಬಫರ್‌ನಲ್ಲೇ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರಲಿ. ಒಂದು ಭಾಗ ತಿಳಿಗೆ ಒಂಬತ್ತು ಭಾಗ ಇಂಥ ಬಫರ್ ಬೆರೆಸಿದರೆ ಹಾಲಿನ ಹೆಚ್ಚುಕಮ್ಮಿ ಒಂದು ಮಿಲಿವೋಲ್ಟ್‌ಗಿಂತ ಕೆಳಗೆ ಇಳಿಯುತ್ತದೆ. ಆದರೆ ಔಷಧವೂ ಹತ್ತು ಪಟ್ಟು ತೆಳುವಾಗುತ್ತದೆ. ಆ ನಷ್ಟ ಬೇಡ ಎಂದರೆ ಕೆಳಗೆ ಹೇಳುವ ಈಥೈಲ್ ಅಸಿಟೇಟ್ ದಾರಿ ಹಿಡಿಯಿರಿ.

ಇರಬಾರದ ಕಡೆ ಪೀಕ್: ಹನ್ನೊಂದು ಮಾದರಿಗಳ ಕಥೆ

ಈಗ ಆ ಬೆಳಿಗ್ಗೆಗೆ ಬರೋಣ. ರೆಸಿಸ್ಟರ್ ಗೆರೆ ನೇರ. ಸ್ಟ್ರಿಪ್ ಸರಿ. ಬರೀ ಬಫರ್‌ನಲ್ಲಿ ಏನೂ ಇಲ್ಲ. ಹಾಲಿನಲ್ಲಿ ಮಾತ್ರ ಪೀಕ್, ಎಲ್ಲ ಹಾಲಿನಲ್ಲೂ. ಮಾದರಿ ಕೊಟ್ಟವರಲ್ಲಿ ಎರಡೇ ಹಸು ಸಾಕಿದ್ದ ವಯಸ್ಸಾದ ಅಮ್ಮ ಒಬ್ಬರಿದ್ದರು. ಮತ್ತೊಮ್ಮೆ ಹಾಲು ಕೇಳಲು ಹೋದಾಗ ಅವರು, "ನಮ್ಮ ಹಸೀಗೆ ಈ ವರ್ಷ ಸೂಜೀನೇ ಹಾಕ್ಸಿಲ್ಲ ಸಾರ್" ಎಂದರು. ಸಿಟ್ಟಿನಿಂದ ಅಲ್ಲ, ಗಾಬರಿಯಿಂದ. ಆ ಮಾತು ನನ್ನನ್ನು ಬಿಡಲಿಲ್ಲ.

ಸುಳಿವು ಕಣ್ಣೆದುರೇ ಇತ್ತು. ಪ್ರೋಟೀನ್ ತೆಗೆದ ಮೇಲೆ ಕೊಳವೆಯಲ್ಲಿ ಉಳಿದ ತಿಳಿಯನ್ನು ಬಿಳಿ ಕಾಗದದ ಮುಂದೆ ಹಿಡಿದೆ. ಅದು ಬಣ್ಣವಿಲ್ಲದ ನೀರಲ್ಲ. ತೆಳು ಹಸಿರು ಬೆರೆತ ಹಳದಿ. ಮನೆಯಲ್ಲಿ ಹಾಲು ಒಡೆದಾಗ ಮೇಲೆ ನಿಲ್ಲುವ ನೀರಿನ ಬಣ್ಣವೇ. ಆ ಬಣ್ಣ ರೈಬೋಫ್ಲಾವಿನ್‌ನದು, ಅಂದರೆ ವಿಟಮಿನ್ ಬಿ2. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 1.7 ಮಿಲಿಗ್ರಾಂ ಇರುತ್ತದೆ. ಪಿಎಚ್ 7ರಲ್ಲಿ ಇದು ಮೈನಸ್ 0.4ರಿಂದ ಮೈನಸ್ 0.5 ವೋಲ್ಟ್ ನಡುವೆ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಕಾರ್ಬನ್‌ಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ ಕೂಡ. ನಮ್ಮ ಸಾಫ್ಟ್‌ವೇರ್‌ನಲ್ಲಿ ಪೀಕ್ ಹುಡುಕುವ ಕಿಟಕಿಯನ್ನು ಮೈನಸ್ 0.4ರಿಂದ ಮೈನಸ್ 0.75 ತನಕ ಅಗಲವಾಗಿ ಇಟ್ಟಿದ್ದೆವು. ಅದು ಸಿಕ್ಕಿದ ಪೀಕ್ ಹಿಡಿದು ಔಷಧ ಎಂದು ಬರೆದುಕೊಂಡಿತ್ತು.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಕ್ಲೋರಾಂಫೆನಿಕಾಲ್‌ನ ಅಣುತೂಕ 323. ಕಿಲೋಗೆ 0.3 ಮೈಕ್ರೋಗ್ರಾಂ ಅಂದರೆ ಸುಮಾರು 0.93 ನ್ಯಾನೋಮೋಲಾರ್. ರೈಬೋಫ್ಲಾವಿನ್ ಸುಮಾರು 4.5 ಮೈಕ್ರೋಮೋಲಾರ್. ಹತ್ತಿರ ಹತ್ತಿರ 5000 ಪಟ್ಟು.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಹೀಗೆ. ಹೋಗಿ ಬರುವ ಸ್ಕ್ಯಾನ್ ಕೊಡಿ: ಸೊನ್ನೆಯಿಂದ ಮೈನಸ್ 0.9, ಅಲ್ಲಿಂದ ಪ್ಲಸ್ 0.3, ಮತ್ತೆ ಸೊನ್ನೆ, ಎರಡು ಸುತ್ತು. ರೈಬೋಫ್ಲಾವಿನ್ ಆದರೆ ವಾಪಸ್ ಬರುವಾಗ ಅದೇ ಜಾಗದ ಪಕ್ಕದಲ್ಲಿ ಎದುರು ಪೀಕ್ ಇರುತ್ತದೆ, ಸೊನ್ನೆಯ ಹತ್ತಿರ ಹೊಸದೇನೂ ಹುಟ್ಟುವುದಿಲ್ಲ. ಔಷಧ ಆದರೆ ಎದುರು ಪೀಕ್ ಇಲ್ಲ, ಎರಡನೇ ಸುತ್ತಿನಲ್ಲಿ ಸೊನ್ನೆಯ ಹತ್ತಿರ ಜೋಡಿ ಕಾಣುತ್ತದೆ. ಆಮೇಲೆ ಸ್ವಲ್ಪ ಶುದ್ಧ ರೈಬೋಫ್ಲಾವಿನ್ ಸೇರಿಸಿ ನೋಡಿ. ಅನುಮಾನದ ಪೀಕೇ ನೆಟ್ಟಗೆ ಬೆಳೆದರೆ ಕಳ್ಳ ಸಿಕ್ಕ. ಇನ್ನೊಂದು ಪಾಲಿಗೆ ಕ್ಲೋರಾಂಫೆನಿಕಾಲ್ ಸೇರಿಸಿ. ಪಕ್ಕದಲ್ಲಿ ಬೇರೆ ಹೆಗಲು ಮೂಡಿದರೆ ಮೊದಲಿನದು ಔಷಧವಲ್ಲ. ಹನ್ನೊಂದು ಮಾದರಿಯಲ್ಲೂ ಹೆಗಲು ಬೇರೆಯಾಗಿಯೇ ಮೂಡಿತು.

ಇದಕ್ಕೆ ನಿವಾರಣೆ ಈಥೈಲ್ ಅಸಿಟೇಟ್. ಹಾಲಿಗೆ ಅದನ್ನು ಸೇರಿಸಿ ಅಲುಗಾಡಿಸಿದರೆ ಕ್ಲೋರಾಂಫೆನಿಕಾಲ್ ಅದರೊಳಗೆ ಹೋಗುತ್ತದೆ, ರೈಬೋಫ್ಲಾವಿನ್ ನೀರಿನಲ್ಲೇ ಉಳಿಯುತ್ತದೆ, ಉಪ್ಪೂ ಅಲ್ಲೇ ಉಳಿಯುತ್ತದೆ. ಮೇಲಿನ ಪದರ ತೆಗೆದು, 40 ಡಿಗ್ರಿಯಲ್ಲಿ ನೈಟ್ರೋಜನ್ ಊದಿ ಒಣಗಿಸಿ, ಉಳಿದದ್ದನ್ನು ಬಫರ್‌ನಲ್ಲಿ ಕರಗಿಸಿ. ಕೊಬ್ಬು ಉಳಿದಿದ್ದರೆ ಹೆಕ್ಸೇನ್‌ನಿಂದ ಒಮ್ಮೆ ತೊಳೆಯಿರಿ. 10 ಮಿಲಿ ಹಾಲನ್ನು ಅರ್ಧ ಮಿಲಿಗೆ ತಂದರೆ 20 ಪಟ್ಟು ಗಟ್ಟಿಯಾಯಿತು. 0.93 ನ್ಯಾನೋಮೋಲಾರ್ ಇದ್ದದ್ದು ನಷ್ಟವಿಲ್ಲದೆ ಬಂದರೆ 18.6 ಆಗುತ್ತದೆ. ಒಂದೇ ಕೆಲಸಕ್ಕೆ ಮೂರು ಲಾಭ.

ಆದರೆ ಒಣಗಿಸುವಾಗ ಆತುರ ಬೇಡ. ಈಥೈಲ್ ಅಸಿಟೇಟ್ ಸ್ವಲ್ಪ ಉಳಿದರೂ ಸ್ಟ್ರಿಪ್‌ನ ಪ್ರಿಂಟ್ ಬಿಡಲು ಶುರುವಾಗುತ್ತದೆ. ದ್ರಾವಣದಲ್ಲಿ ಕಾಡಿಗೆಯಂಥ ಕಪ್ಪು ಪುಡಿ ತೇಲುತ್ತದೆ, ಪೀಕ್ ಎಲ್ಲೆಲ್ಲೋ ಹೋಗುತ್ತದೆ. ಪ್ರೋಟೀನ್ ತೆಗೆಯಲು ಅಸಿಟೋನೈಟ್ರೈಲ್ ಬಳಸುವವರಿಗೂ ಇದೇ ಎಚ್ಚರಿಕೆ.

ಒಂದು ಮಾತು: ನೈಟ್ರೋ ಗುಂಪು ಇರುವ ಬೇರೆ ಔಷಧಗಳೂ ಇವೆ. ನೈಟ್ರೋಫ್ಯೂರಾನ್‌ಗಳು, ಮೆಟ್ರೋನಿಡಜೋಲ್ ಇಂಥವು ಇದೇ ಸೀಮೆಯಲ್ಲಿ ಪೀಕ್ ಕೊಡುತ್ತವೆ. ಬರೀ ಕಾರ್ಬನ್ ಸ್ಟ್ರಿಪ್ ಇವನ್ನು ಬೇರೆ ಮಾಡಲಾರದು. ಇನ್ನೊಂದು ಕಡೆ, ಫ್ಲಾರ್ಫೆನಿಕಾಲ್ ಇದೇ ಕುಟುಂಬದ್ದಾದರೂ ಅದರಲ್ಲಿ ನೈಟ್ರೋ ಗುಂಪಿಲ್ಲ. ಹಾಲಿನಲ್ಲಿ ಅದು ಎಷ್ಟಿದ್ದರೂ ಈ ಪೀಕ್ ಬರುವುದಿಲ್ಲ.

ಬರೀ ಬಫರ್‌ನಲ್ಲೇ ಮೈನಸ್ 0.5ರ ಹತ್ತಿರ ಚೂಪಾದ ಪೀಕ್ ಬಂದರೆ ನೀರನ್ನು ಅನುಮಾನಿಸಿ. ಸೀಸ ಆ ಜಾಗದಲ್ಲಿ ಬರುತ್ತದೆ. ಸ್ವಲ್ಪ ಇಡಿಟಿಎ (ಲೋಹವನ್ನು ಕಟ್ಟಿಹಾಕುವ ರಾಸಾಯನಿಕ) ಹಾಕಿದಾಗ ಪೀಕ್ ಜಾಗ ಬಿಟ್ಟು ಓಡಿದರೆ ಅದು ಲೋಹ. ಇನ್ನೊಂದು ವಿಷಯ, ಲ್ಯಾಬಿನಲ್ಲಿ ಯಾರಾದರೂ ಕಣ್ಣಿಗೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಕೊಳ್ಳುತ್ತಿದ್ದಾರೆಯೇ ಕೇಳಿ. ನಾವು ಹುಡುಕುತ್ತಿರುವ ಪ್ರಮಾಣಕ್ಕೆ ಬೆರಳ ತುದಿಯ ಮುಲಾಮು ಧಾರಾಳ ಸಾಕು.

ಔಷಧ ಹಾಕಿದ್ದೇವೆ, ಆದರೂ ಪೀಕ್ ಕಡಿಮೆ

ಬಫರ್‌ನಲ್ಲಿ ಚೆನ್ನಾಗಿ ಬರುತ್ತದೆ, ಹಾಲಿನಲ್ಲಿ ಅರ್ಧವೂ ಬರುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಔಷಧ ದಾರಿಯಲ್ಲಿ ಕಳೆದುಹೋಯಿತೇ, ಅಥವಾ ಸ್ಟ್ರಿಪ್ ತನಕ ಬಂದೂ ಕಾಣಿಸುತ್ತಿಲ್ಲವೇ?

ಉತ್ತರಕ್ಕೆ ಎರಡು ಕೊಳವೆ ಸಾಕು. ಔಷಧವಿಲ್ಲದ್ದು ಎಂದು ಖಚಿತವಾಗಿರುವ ಹಾಲು ತೆಗೆದುಕೊಳ್ಳಿ. ಒಂದು ಕೊಳವೆಗೆ ಔಷಧವನ್ನು ಮೊದಲೇ ಹಾಕಿ ಎಲ್ಲ ಹಂತ ಮಾಡಿ. ಇನ್ನೊಂದರಲ್ಲಿ ಎಲ್ಲ ಹಂತ ಮುಗಿದ ಮೇಲೆ ಅಷ್ಟೇ ಔಷಧ ಹಾಕಿ. ಎರಡರಲ್ಲೂ ಪೀಕ್ ಕಡಿಮೆ ಇದ್ದರೆ ಸ್ಟ್ರಿಪ್ ಮೇಲೆ ಏನೋ ಮೆತ್ತಿಕೊಳ್ಳುತ್ತಿದೆ. ಮೊದಲನೆಯದರಲ್ಲಿ ಮಾತ್ರ ಕಡಿಮೆ ಇದ್ದರೆ ಔಷಧ ದಾರಿಯಲ್ಲಿ ಉಳಿದುಕೊಂಡಿದೆ.

ಮೆತ್ತಿಕೊಳ್ಳುವುದು ಬಹುಪಾಲು ಪ್ರೋಟೀನ್ ಮತ್ತು ಕೊಬ್ಬು. ಹಾಲು ಅದ್ದಿ ತೆಗೆದ ಸ್ಟ್ರಿಪ್ಪನ್ನು ತೊಳೆದು, ಬಫರ್‌ನಲ್ಲಿ ಗೊತ್ತಿರುವ ಪ್ರಮಾಣದ ಔಷಧ ಹಾಕಿ ಅಳೆಯಿರಿ. ಮೊದಲಿಗಿಂತ ಬಿದ್ದಿದ್ದರೆ ಪೊರೆ ಕಟ್ಟಿದೆ. ಅದಕ್ಕೇ ಒಂದು ಮಾದರಿಗೆ ಒಂದು ಸ್ಟ್ರಿಪ್ ಎನ್ನುವುದು. ಸೆಂಟ್ರಿಫ್ಯೂಜ್ ಮಾಡುವಾಗ ತಣ್ಣಗೆ, 4 ಡಿಗ್ರಿಯಲ್ಲಿ ಮಾಡಿ, ಕೊಬ್ಬು ಮೇಲೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಪಿಪೆಟ್ ಆ ಪದರ ದಾಟುವಾಗ ತುದಿಗೆ ಕೆನೆ ಹತ್ತುತ್ತದೆ. ಹೊರಗೆ ತೆಗೆದ ಮೇಲೆ ತುದಿಯನ್ನು ಟಿಶ್ಯೂನಲ್ಲಿ ಒರೆಸಿ, ಆಮೇಲೆ ಬಿಡಿ.

ಇನ್ನು ಬಿಸಿ-ತಣ್ಣಗಿನ ಲೆಕ್ಕ. ಅಣುಗಳು ಎಲೆಕ್ಟ್ರೋಡ್‌ಗೆ ಬಂದು ಸೇರುವ ವೇಗ ಬಿಸಿಯಲ್ಲಿ ಜಾಸ್ತಿ. ಪೀಕ್ ಪ್ರತಿ ಡಿಗ್ರಿಗೆ ಸುಮಾರು ಶೇ. 1ರಷ್ಟು ಬದಲಾಗುತ್ತದೆ. ಬಲ್ಕ್ ಕೂಲರ್‌ನಿಂದ 4 ಡಿಗ್ರಿಯಲ್ಲಿ ಬಂದ ಹಾಲನ್ನು ಹಾಗೇ ಅಳೆದು, 28 ಡಿಗ್ರಿಯಲ್ಲಿ ಗೊತ್ತಿರುವ ಪ್ರಮಾಣಗಳಿಂದ ಮಾಡಿದ ಕ್ಯಾಲಿಬ್ರೇಷನ್‌ಗೆ ಹೋಲಿಸಿದರೆ ಐದನೇ ಒಂದು ಭಾಗದಷ್ಟು ಸುಮ್ನೆ ಕಳೆದುಹೋಗುತ್ತದೆ. ಎಲ್ಲವೂ ಕೋಣೆಯ ಬಿಸಿಗೆ ಬರಲಿ.

ಟೆಟ್ರಾಸೈಕ್ಲಿನ್ ಹುಡುಕುವವರಿಗೆ ಕಾರಣ ಬೇರೆಯೇ ಇರಬಹುದು. ಅದು ಕ್ಯಾಲ್ಸಿಯಂ ಜೊತೆ ಕಟ್ಟಿಕೊಳ್ಳುತ್ತದೆ, ಹಾಲಿನಲ್ಲಿ ಕ್ಯಾಲ್ಸಿಯಂಗೆ ಬರ ಇಲ್ಲ. ಇಡಿಟಿಎ ಇರುವ ಮೆಕಿಲ್ವೇನ್ ಬಫರ್‌ನಲ್ಲಿ ಬಿಡಿಸಿಕೊಂಡರೆ ಮಾತ್ರ ಕೈಗೆ ಸಿಗುತ್ತದೆ. ಪೆನಿಸಿಲಿನ್ ಜಾತಿಯವು ಸಾಮಾನ್ಯ ಕಾರ್ಬನ್ ಮೇಲೆ ಸರಿಯಾಗಿ ಪೀಕ್ ಕೊಡುವುದೇ ಇಲ್ಲ. ಅಲ್ಲಿ ಪೀಕ್ ಬರಲಿಲ್ಲ ಎಂದು ಸ್ಟ್ರಿಪ್ಪನ್ನು ದೂರಬೇಡಿ.

ಲೇಪನ ಮಾಡಿದ ಸ್ಟ್ರಿಪ್‌ಗಳು

ಚಿನ್ನದ ಮೇಲೆ ಆಪ್ಟಾಮರ್ (ಔಷಧವನ್ನೇ ಹುಡುಕಿ ಹಿಡಿಯುವ ಚಿಕ್ಕ ಡಿಎನ್ಎ ಎಳೆ) ಕೂರಿಸಿದ ಸ್ಟ್ರಿಪ್‌ನಲ್ಲಿ ಸಿಗ್ನಲ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸ್ಕ್ಯಾನ್ ಎಷ್ಟು ಕೆಳಗೆ ಹೋಗುತ್ತಿದೆ ನೋಡಿ. ತುಂಬ ಮೈನಸ್‌ಗೆ ಇಳಿಸಿದರೆ ಚಿನ್ನಕ್ಕೆ ಅಂಟಿಸಿದ ಗಂಧಕದ ಕೊಂಡಿ ಕಳಚಿಕೊಂಡು ಲೇಪನವೇ ಎದ್ದುಹೋಗುತ್ತದೆ. ಔಷಧದ ಅಚ್ಚು ಒತ್ತಿದ ಪಾಲಿಮರ್ ಲೇಪನದಲ್ಲಿ ಇದರ ಉಲ್ಟಾ. ಅಚ್ಚಿಗೆ ಬಳಸಿದ ಔಷಧ ಪೂರ್ತಿ ತೊಳೆದುಹೋಗದೆ ನಿಧಾನಕ್ಕೆ ಸೋರುತ್ತಿದ್ದು, ಖಾಲಿ ಬಫರ್‌ನಲ್ಲೂ ಪೀಕ್ ಕೊಡುತ್ತದೆ. ಒಂದಾದ ಮೇಲೊಂದು ಖಾಲಿ ಬಫರ್ ಅಳೆಯಿರಿ. ಪೀಕ್ ಮೆಟ್ಟಿಲು ಇಳಿದ ಹಾಗೆ ಕಡಿಮೆಯಾಗುತ್ತಾ ಹೋದರೆ ಇನ್ನೂ ತೊಳೆಯಬೇಕು ಎಂದು ಅರ್ಥ.

ಎಲ್ಲ ಸರಿಯಿದ್ದೂ ಪೀಕ್ ಬಂದರೆ

ಆಗ ಅದನ್ನು ನಂಬಬೇಕು, ಆದರೆ ಅಳೆದು ನಂಬಬೇಕು. ಅದೇ ಮಾದರಿಯನ್ನು ನಾಲ್ಕು ಪಾಲು ಮಾಡಿ. ಒಂದನ್ನು ಹಾಗೇ ಬಿಟ್ಟು, ಉಳಿದ ಮೂರಕ್ಕೆ ಏರುವ ಪ್ರಮಾಣದಲ್ಲಿ ಔಷಧ ಸೇರಿಸಿ. ನಾಲ್ಕು ಚುಕ್ಕೆ ಒಂದೇ ನೇರ ಗೆರೆಯ ಮೇಲೆ ಬರಬೇಕು, ಪೀಕ್ ಜಾಗ ಕದಲಬಾರದು. ಬಫರ್‌ನಲ್ಲಿ ಮಾಡಿದ ಕ್ಯಾಲಿಬ್ರೇಷನ್ನಿಂದ ಹಾಲಿನ ಲೆಕ್ಕ ತೆಗೆಯಬೇಡಿ. ಹಾಲಿನಲ್ಲಿ ಗೆರೆಯ ಓರೆ ಬೇರೆ ಇರುತ್ತದೆ.

ಉಳಿದ ಹಾಲನ್ನು ಎರಡು ಸೀಸೆಗೆ ಹಾಕಿ ಮೈನಸ್ 20 ಡಿಗ್ರಿಯಲ್ಲಿ ಇಡಿ. ಒಂದು ಎಲ್‌ಸಿ-ಎಂಎಸ್‌ಎಂಎಸ್ (ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಇರುವ ಲ್ಯಾಬ್‌ಗೆ ಹೋಗಲಿ, ಇನ್ನೊಂದು ನಿಮ್ಮಲ್ಲೇ ಇರಲಿ. ಅಲ್ಲಿಂದ ವರದಿ ಬರುವ ತನಕ ನಿಮ್ಮ ಪುಸ್ತಕದಲ್ಲಿ "ಅನುಮಾನ" ಎಂದಷ್ಟೇ ಬರೆಯಿರಿ, "ಇದೆ" ಎಂದು ಬರೆಯಬೇಡಿ. ಸೊಸೈಟಿಗೂ ಅದೇ ಪದ ಹೇಳಿ. ಹಳ್ಳಿಯಲ್ಲಿ ಒಂದು ಮನೆಯ ಹಾಲಿನ ಬಗ್ಗೆ ಒಮ್ಮೆ ಮಾತು ಹೊರಟರೆ ವಾಪಸ್ ತರುವುದು ಕಷ್ಟ. ಹಾಗೆಯೇ ನಿಜವಾಗಿ ಔಷಧ ಇರುವ ಒಂದು ಕ್ಯಾನ್ ನಮ್ಮ ಕೈ ತಪ್ಪಿದರೆ ಅದು ಮಗುವಿನ ಲೋಟಕ್ಕೆ ಹೋಗುತ್ತದೆ.

ಆ ಹನ್ನೊಂದರ ವರದಿಯೂ ಬಂತು. ಒಂದರಲ್ಲೂ ಕ್ಲೋರಾಂಫೆನಿಕಾಲ್ ಇರಲಿಲ್ಲ. ಸಾಫ್ಟ್‌ವೇರ್ ಕಿಟಕಿಯನ್ನು ಅವತ್ತೇ ಕಿರಿದು ಮಾಡಿದೆವು. ಸಂಜೆ ಆ ಅಮ್ಮನ ಮನೆಗೆ ಹೋಗಿ ವರದಿ ಓದಿ ಹೇಳಿದೆ. ಅವರು ಹಸುವಿನ ಮೈ ಸವರುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಲೋಟ ಹಾಲು ಕಾಯಿಸಿ ತಂದುಕೊಟ್ಟರು.